ಬಾನೆಟ್ ಎತ್ತಿದರೆ ಬೆಂಜು

ಹಳೇ ಅಂಬಾಸಿಡರ್ ಕಾರಿನ ಬಾನೆಟ್ ಎತ್ತುವ ಮೊದಲು ಒಮ್ಮೆ ಕೈಮುಗಿಯುವುದು ಕ್ಷೇಮ. ಒಳಗೆ ಯಾವ ದೇವರಿದ್ದಾನೆ ಎಂಬುದು ಗೋಪುರ ನೋಡಿದರೆ ಗೊತ್ತಾಗುವುದಿಲ್ಲ.

ಕಂಪನಿಯವರೇ ಪ್ರತಿಷ್ಠಾಪಿಸಿದ ದೇವರುಗಳು ಕಡಿಮೆಯೇನಿಲ್ಲ. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಿಂದ 1950ರ ದಶಕದ ಕೊನೆಯಲ್ಲಿ ಹೊರಟು 2014ರ ಮೇ ತಿಂಗಳಲ್ಲಿ ನಿಂತುಹೋದ ಈ ಕಾರಿನ ಮೈ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನದು. ಆ ಮೈ ಅರ್ಧ ಶತಮಾನ ಹೆಚ್ಚೂಕಡಿಮೆ ಹಾಗೇ ಉಳಿಯಿತು. ಹೊಟ್ಟೆ ಮಾತ್ರ ಬದಲಾಗುತ್ತ ಬಂತು. ಬ್ರಿಟಿಷ್ ಮೂಲದ 1489 ಸಿಸಿ ಪೆಟ್ರೋಲ್ ಎಂಜಿನ್, ಅದೇ ಸಿಸಿಯ ಡೀಸೆಲ್, ತೊಂಬತ್ತರ ದಶಕದಲ್ಲಿ ಜಪಾನಿನ ಇಸುಜುವಿನ 1817 ಸಿಸಿ ಪೆಟ್ರೋಲ್, ಆಮೇಲೆ ಇಸುಜುವಿನದೇ ಎರಡು ಲೀಟರ್ ಡೀಸೆಲ್. ಇದು ಕಂಪನಿ ಒಪ್ಪಿಕೊಂಡ ಪಟ್ಟಿ. ಗ್ಯಾರೇಜುಗಳ ಪಟ್ಟಿಯೇ ಬೇರೆ. ಪೆಟ್ರೋಲ್ ದುಬಾರಿಯಾದಾಗಲೆಲ್ಲ ಟ್ಯಾಕ್ಸಿಯವರು ಒಳಗಿದ್ದುದನ್ನು ಕಿತ್ತು ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದರು. ಅದಕ್ಕೆ ಉತ್ತರಪಾರಾದ ಅಪ್ಪಣೆ ಬೇಕಿರಲಿಲ್ಲ. ಒಂದು ಲೇತು, ಒಂದು ವೆಲ್ಡಿಂಗ್ ಸೆಟ್ಟು, ಒಬ್ಬ ಧೈರ್ಯವಂತ ಮೇಸ್ತ್ರಿ ಇದ್ದರೆ ಸಾಕಿತ್ತು. 2017ರಲ್ಲಿ ಅಂಬಾಸಿಡರ್ ಎಂಬ ಬರೀ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಆ ಹೆಸರು ಹೇಳಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಸರಿಯಾದ ಒಂದು ಹೆಡ್ ಗ್ಯಾಸ್ಕೆಟ್ ಕೂಡ ಹುಟ್ಟುವುದಿಲ್ಲ ಎಂದು ಪ್ಯಾರಿಸ್ಸಿನವರ ಕಿವಿಗೆ ಯಾರೂ ಹಾಕಿದಂತಿಲ್ಲ.

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನನ್ನ ಸೋದರಮಾವ ಇಂಥದೊಂದು ಬಿಳಿ ಅಂಬಾಸಿಡರನ್ನು ಸರ್ಕಾರಿ ಇಲಾಖೆಯೊಂದರ ಹರಾಜಿನಲ್ಲಿ ಹಿಡಿದರು. (15 ವರ್ಷ ದಾಟಿದ ಸರ್ಕಾರಿ ಗಾಡಿಗಳು ಸೀದಾ ಗುಜರಿಗೇ ಹೋಗಬೇಕೆಂಬ ನಿಯಮ ಬಂದದ್ದು 2023ರ ಏಪ್ರಿಲ್‌ನಿಂದ, ಮಾವನದು ಅದಕ್ಕೂ ಹಿಂದಿನ ಸಾಹಸ.) ಛಾವಣಿಯಲ್ಲಿ ಕೆಂಪು ದೀಪ ಕಿತ್ತ ತೂತಿಗೆ ಎಂಸೀಲ್ ಮೆತ್ತಿದ್ದರು. ಹಿಂದಿನ ಸೀಟಿನ ಬಿಳಿ ಟವೆಲು ಹಾಗೇ ಇತ್ತು. "ಸಾಹೇಬರು ಓಡಿಸಿದ ಗಾಡಿ, ಮುಚ್ಚಟೆಯಾಗಿ ಇಟ್ಕೊಂಡಿದ್ದಾರೆ" ಎಂದು ಹರಾಜಿನ ದಲ್ಲಾಳಿ ಹೇಳಿದ. ಸಾಹೇಬರು ಯಾವ ಕಾಲದಲ್ಲೂ ಗಾಡಿ ಓಡಿಸುವುದಿಲ್ಲ, ಕೂರುತ್ತಾರೆ. ಮುಚ್ಚಟೆಯಾಗಿದ್ದದ್ದು ಆ ಸೀಟು.

ಒಂದು ವರ್ಷ ಚೆನ್ನಾಗಿ ಓಡಿದ ಗಾಡಿ ಆಮೇಲೆ ನೀರು ಕುಡಿಯತೊಡಗಿತು. ರೇಡಿಯೇಟರ್ ಮುಚ್ಚಳ ತೆಗೆದರೆ ಗುಳುಗುಳು ಗುಳ್ಳೆ, ಎಂಜಿನ್ ಆಯಿಲ್ ಬಿಳಿಚಿಕೊಂಡಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಹೇಳಲು ದೊಡ್ಡ ಪಂಡಿತರೇನೂ ಬೇಕಾಗಲಿಲ್ಲ. ಬಿಚ್ಚಿದ ಹಳೇ ಗ್ಯಾಸ್ಕೆಟನ್ನು ದಿನಪತ್ರಿಕೆಯಲ್ಲಿ ಸುತ್ತಿಕೊಂಡು ಮಾವ ಬೆಳಗಿನ ರೈಲಿಗೆ ಬೆಂಗಳೂರಿಗೆ ಬಂದರು. ಜೊತೆಗೆ ನಾನು.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದು ಕಟ್ಟುನಿಟ್ಟಾದ ಸಂಪ್ರದಾಯವಿದೆ. ನೀವು ತಂದ ಹಳೇ ಸಾಮಾನನ್ನು ನೋಡಬಾರದು. ನೋಡಿದರೆ ಅಂಗಡಿಯವನ ಅನುಭವಕ್ಕೆ ಅವಮಾನ.

"ಯಾವ್ ಗಾಡಿ?"

"ಅಂಬಾಸಿಡರ್."

"ಪೆಟ್ರೋಲಾ, ಡೀಸೆಲಾ?"

"ಡೀಸೆಲ್ಲು. ಹಳೇ ಪ್ಯಾಕಿಂಗ್ ಇಲ್ಲೇ ತಂದಿದೀನಿ, ಒಂದ್ಸಲ…"

"ಅದೆಲ್ಲ ಬೇಡ ಯಜಮಾನ್ರೆ. ಯಾವ್ ಮಾಡಲ್ಲು?"

"ತೊಂಬತ್ತೆರಡು."

"ಹಂಗಾದ್ರೆ ಇದೇ. ತಗಂಡೋಗಿ, ಕಣ್ಮುಚ್ಕೊಂಡು ಹಾಕಿ."

ಕಣ್ಣು ಮುಚ್ಚಿಕೊಂಡರೆ ಮಾತ್ರ ಹಾಕಬಹುದಾದ ಗ್ಯಾಸ್ಕೆಟ್ ಅದು. ಹಳೆಯದರ ಮೇಲಿಟ್ಟು ನೋಡಿದರೆ ಸಿಲಿಂಡರಿನ ನಾಲ್ಕು ಕಣ್ಣುಗಳಲ್ಲಿ ಒಂದೂ ಕೂಡುತ್ತಿರಲಿಲ್ಲ. ಹೊಸದರ ಕಣ್ಣು ಒಂದು ಬೆರಳಗಲದಷ್ಟು ಚಿಕ್ಕದು. ಇದನ್ನು ತೋರಿಸಿದಾಗ ಅಂಗಡಿಯವನು ನೋಡಿದ್ದು ನಮ್ಮ ಮುಖವನ್ನು. ಅಲ್ಲಿಗೆ ತಪ್ಪು ಗ್ಯಾಸ್ಕೆಟ್ಟಿನದಲ್ಲ, ಎಂಜಿನ್ನಿನದು ಎಂದು ತೀರ್ಮಾನವಾಯಿತು.

ಮುಂದಿನ ಅಂಗಡಿಯಲ್ಲಿ ಇನ್ನೂ ಸೊಗಸು. ಅಲ್ಲಿ ಗಾಡಿ ಯಾವುದೆಂದು ಕೇಳುವ ಮೊದಲೇ ಯಾವ ದರ್ಜೆಯ ಮಾಲು ಬೇಕು ಎಂದು ಕೇಳಿದರು. ಒರಿಜಿನಲ್ ಇದೆ, ಓಇಎಂ ಇದೆ, ಫಸ್ಟ್ ಕ್ವಾಲಿಟಿ ಇದೆ, ದಿಲ್ಲಿ ಮಾಲೂ ಇದೆ. ಈ ಶ್ರೇಣಿಯಲ್ಲಿ ಫಸ್ಟ್ ಕ್ವಾಲಿಟಿ ಮೂರನೆಯದು ಎಂಬುದನ್ನು ಹೊಸಬರು ಗಮನಿಸಬೇಕು. ಒರಿಜಿನಲ್ ಅಂದರೆ ಡಬ್ಬಿ ಒರಿಜಿನಲ್. ಒಳಗಿನದರ ಬಗ್ಗೆ ಯಾರೂ ಮಾತು ಕೊಟ್ಟಿರುವುದಿಲ್ಲ. ದಿಲ್ಲಿಯ ಕಾಶ್ಮೀರಿ ಗೇಟ್ ದೇಶದ ಬಹುದೊಡ್ಡ ಸಗಟು ಬಿಡಿಭಾಗ ಪೇಟೆ. ಅಲ್ಲಿ ಒಳ್ಳೆಯ ಸಾಮಾನೂ ಬೇಕಾದಷ್ಟು ಸಿಗುತ್ತದೆ. ಆದರೆ ಕರ್ನಾಟಕದಲ್ಲಿ ಎಲ್ಲಿ ಯಾವ ಸಾಮಾನು ಮುರಿದುಬಿದ್ದರೂ ಅದು ದಿಲ್ಲಿ ಮಾಲೇ.

ಇನ್ನೊಂದು ಕೌಂಟರಿನಲ್ಲಿ ಮಾತ್ರ ಒಬ್ಬ ಹುಡುಗ ಹಳೇ ಗ್ಯಾಸ್ಕೆಟ್ ಬಿಚ್ಚಿಸಿ ನೋಡಿದ. ನೋಡಿ, ಒಳಗಿಂದ ಬೇರೊಂದು ತಂದ. "ಇದು ಸೆಟ್ ಆಗುತ್ತೆ ಸಾರ್. ಎರಡು ನೀರಿನ ತೂತು ಮಾತ್ರ ಇಲ್ಲ, ಉಳಿ ತಗೊಂಡು ಹೊಡ್ಕೊಳ್ಳಿ. ಅಂಚಿಗೆ ಸ್ವಲ್ಪ ಅನಾಬಾಂಡ್ ಬಳೀರಿ. ಎಲ್ಲಾ ಒಂದೇ." ಗ್ಯಾಸ್ಕೆಟಿನ ಕಣ್ಣು ಸಿಲಿಂಡರಿಗಿಂತ ಚಿಕ್ಕದಿದ್ದರೆ ಅಂಚು ಒಳಗೆ ಚಾಚಿಕೊಂಡು ಬೆಂಕಿಗೆ ಸಿಕ್ಕಿ ಸುಡುತ್ತದೆ. ನೀರಿನ ದಾರಿ ಮುಚ್ಚಿದರೆ ಹೆಡ್ಡು ಕಾದು ಸೊಟ್ಟಗಾಗುತ್ತದೆ. ದಪ್ಪ ಕೂದಲೆಳೆಯಷ್ಟು ಕಡಿಮೆಯಿದ್ದರೂ ವಾಲ್ವಿಗೂ ಪಿಸ್ಟನ್ನಿಗೂ ಮುಖಾಮುಖಿ. "ಎಲ್ಲಾ ಒಂದೇ" ಎನ್ನುವ ಅದ್ವೈತ ಶಂಕರಾಚಾರ್ಯರ ಬಾಯಲ್ಲಿ ಚೆಂದ. ಗ್ಯಾಸ್ಕೆಟ್ ಅಂಗಡಿಯಲ್ಲಿ ಅದಕ್ಕೆ ಗ್ಯಾರಂಟಿ ಕಾರ್ಡ್ ಇಲ್ಲ.

ತಿಪಟೂರಿನ ಬಿ.ಎಚ್. ರಸ್ತೆಯ ಪಕ್ಕದ ಶೆಡ್ಡಿನಲ್ಲಿ ಕೆಲಸ ಮಾಡುವ ಮೇಸ್ತ್ರಿ ನಮ್ಮ ಕಥೆಯನ್ನೆಲ್ಲ ಕೇಳಿದರು. ಮಾಡಲ್ ಯಾವುದೆಂದು ಕೇಳಲಿಲ್ಲ. ಹೋಗಿ ಮೂರು ಸ್ಪ್ಯಾನರ್ ತಂದರು: ಅರ್ಧ ಇಂಚಿನದು, 12ರದು, 13ರದು. ಎಂಜಿನ್ನಿನ ಪಕ್ಕದ ಒಂದು ಬೋಲ್ಟಿನ ತಲೆಗೆ 12 ಹಾಕಿದರು, ಹಿಡಿಯಲಿಲ್ಲ. ಅರ್ಧ ಇಂಚು ಹಾಕಿದರು, ಒಳಗೆ ಹೋಗಲಿಲ್ಲ. 13 ಹಾಕಿದರು, ಅಲುಗದೆ ಕೂತಿತು. "ಇಂಗ್ಲಿಷಿನೋರ್ದೂ ಅಲ್ಲ, ಜಪಾನಿನೋರ್ದೂ ಅಲ್ಲ ಯಜಮಾನ್ರೆ" ಎಂದರು.

ವಿಷಯ ಇಷ್ಟೇ. ಎಂಟು ಮಿಲಿಮೀಟರ್ ಬೋಲ್ಟಿಗೆ ಜಪಾನಿನವರು 12 ಮಿಮೀ ತಲೆ ಇಡುತ್ತಾರೆ, ಜರ್ಮನಿಯವರು 13. ಹಳೇ ಬ್ರಿಟಿಷ್ ಎಂಜಿನ್ನಿನದು ಇಂಚಿನ ಲೆಕ್ಕ. ಅರ್ಧ ಇಂಚು ಅಂದರೆ 12.7. ಒಂದು ಮಿಲಿಮೀಟರಿನೊಳಗೆ ಮೂರು ಸಾಮ್ರಾಜ್ಯಗಳು. ಆರ್‌ಸಿ ಪುಸ್ತಕ ಹೇಳದ್ದನ್ನು ಬೋಲ್ಟಿನ ತಲೆ ಹೇಳಿತು, ಅದೂ ಅರ್ಜಿ, ಸ್ಟಾಂಪು, ನಾಳೆ ಬನ್ನಿ ಯಾವುದೂ ಇಲ್ಲದೆ.

ಆಮೇಲೆ ವರ್ನಿಯರ್ ಬಂತು. ಸಿಲಿಂಡರಿನ ಬಾಯಿಗೆ ಒಳದವಡೆ ಇಟ್ಟು ತಿರುಗಿಸಿ ಓದಿದರು: 91. ಪಿಸ್ಟನ್ನನ್ನು ಮೇಲಕ್ಕೆ ತಂದು, ಕೆಳಕ್ಕಿಳಿಸಿ, ವರ್ನಿಯರಿನ ಹಿಂದಿನ ಕಡ್ಡಿಯಿಂದ ಆಳ ತೆಗೆದರು: 92.4. ನನ್ನ ಜೇಬಿನಲ್ಲಿದ್ದ ಜೆ.ಸಿ. ರಸ್ತೆಯ ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಶುರುವಾಯಿತು. ಬೋರ್ ಇಂಟು ಬೋರ್, ಇಂಟು ಸ್ಟ್ರೋಕ್, ಇಂಟು ಪಾಯಿಂಟ್ ಏಳು ಎಂಟು ಐದು ನಾಲ್ಕು, ಇಂಟು ನಾಲ್ಕು ಸಿಲಿಂಡರ್. 2404 ಬಂತು. "ಬೋರು ತೇದಿರುತ್ತೆ, ಅದು ಸ್ವಲ್ಪ ಸುಳ್ಳು ಹೇಳುತ್ತೆ. ಸ್ಟ್ರೋಕ್ ಸುಳ್ಳು ಹೇಳಲ್ಲ. ಇದು ಎರಡು ಸಾವಿರದ ಮುನ್ನೂರ ತೊಂಬತ್ತೊಂಬತ್ತು" ಎಂದರು ಮೇಸ್ತ್ರಿ. ಡೀಸೆಲ್ ಪಂಪಿನ ಮೈಗೆ ಯಾರೋ ಬಳಿದಿದ್ದ ಬಣ್ಣವನ್ನು ಬ್ಲೇಡಿನಿಂದ ಕೆರೆದಾಗ ಸಣ್ಣ ತಗಡು ಕಾಣಿಸಿತು, ಅದರ ಮೇಲೆ ಮೈಕೋ ಎಂಬ ಅಕ್ಷರ, ಕೆಳಗೆ ನಂಬರು. ಬೆಂಗಳೂರಿನ ಆಡುಗೋಡಿಯಲ್ಲಿ ಪಂಪು ಮಾಡುತ್ತಿದ್ದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ತಗಡಿನ ಮೇಲಿನ ನಂಬರು ಬದಲಾಗಲಿಲ್ಲ. ಯಾವ ಎಂಜಿನ್ನಿಗೆ ಕಟ್ಟಿದ ಪಂಪು ಎಂಬುದು ಡೀಸೆಲ್ ಪಂಪ್ ರಿಪೇರಿಯವರ ಪುಸ್ತಕದಲ್ಲಿ ಆ ನಂಬರಿನ ಎದುರಿಗೇ ಇರುತ್ತದೆ.

"ಯಜಮಾನ್ರೆ, ಇದು ಬೆಂಜು."

ಮಾವನ ಮುಖ ನೋಡಬೇಕಿತ್ತು. ಸುಳ್ಳೇನಲ್ಲ. ಜರ್ಮನಿಯಲ್ಲಿ ಟ್ಯಾಕ್ಸಿಯವರ ಕಣ್ಮಣಿಯಾಗಿದ್ದ ಮರ್ಸಿಡಿಸ್ 240ಡಿ ಕಾರಿನ ಒಎಂ 616 ಎಂಜಿನ್ನನ್ನು ಪುಣೆಯ ಬಜಾಜ್ ಟೆಂಪೋ ಕಂಪನಿ ಎಂಬತ್ತರ ದಶಕದಲ್ಲಿ ಪರವಾನಗಿ ಪಡೆದು ಇಲ್ಲೇ ತಯಾರಿಸಿತು. ಮ್ಯಾಟಡೋರಿಗೂ ಆಮೇಲೆ ಟ್ರ್ಯಾಕ್ಸ್‌ಗೂ ಹಾಕಿತು. ಅಲ್ಲಿಂದ ಅದು ಲೇತ್ ಅಂಗಡಿಯ ಮಾರ್ಗವಾಗಿ ಅಂಬಾಸಿಡರ್ ಹೊಕ್ಕಿತು. "ನೋಡೋ ಅಳಿಯ, ನಾನು ಹರಾಜಲ್ಲಿ ಸುಮ್ನೆ ಕೈ ಎತ್ಲಿಲ್ಲ" ಎಂದು ಮಾವ ಬೀಗಿದರು. ಬೆಂಜ್ ಶೋರೂಮಿಗೇ ಹೋಗೋಣವೇ ಎಂದೂ ಕೇಳಿದರು. ಬೇಡವೆಂದು ಮೇಸ್ತ್ರಿ ಕೈಮುಗಿದರು. ಕೊನೆಗೆ ಗ್ಯಾಸ್ಕೆಟ್ ಸಿಕ್ಕಿದ್ದು ಅದೇ ಜೆ.ಸಿ. ರಸ್ತೆಯಲ್ಲಿ, ಅದೇ ಮೊದಲ ಅಂಗಡಿಯಲ್ಲಿ. ಈ ಸಲ ಮಾವ ಅಂಬಾಸಿಡರ್ ಎನ್ನುವ ಶಬ್ದವನ್ನೇ ಬಾಯಿಬಿಡದೆ, "ಟ್ರ್ಯಾಕ್ಸ್, ಹಳೇ ಬೆಂಜ್ ಎಂಜಿನ್ನು" ಎಂದು ಕೇಳಿದರು. ಕಣ್ಣು ಮುಚ್ಚಿಕೊಂಡೇ ಕೊಟ್ಟ. ಸರಿಯಾಗಿತ್ತು.

ಕುಲ ಗೊತ್ತಾದ ಮೇಲೆ ಕಷ್ಟ ಮುಗಿಯಿತು ಎಂದುಕೊಳ್ಳಬೇಡಿ. ಎಂಜಿನ್ನು ಬಿಚ್ಚಿದ ಮೇಲೆ ಬೇರಿಂಗೂ ಹಾಕೋಣ ಎಂದರೆ ಬೆಂಜಿನ ಬೇರಿಂಗ್ ಕೊಡಿ ಎಂದರಾಗದು. ಹಿಂದೆ ಯಾರೋ ಕ್ರ್ಯಾಂಕನ್ನು ಗ್ರೈಂಡಿಂಗ್ ಮಾಡಿಸಿರುತ್ತಾರೆ, ಎಷ್ಟು ತೇದಿದೆಯೋ ಅಷ್ಟು ದಪ್ಪದ ಬೇರಿಂಗ್ ಬೇಕು. ಮೇಸ್ತ್ರಿ ಹಳೇ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ಒರೆಸಿ ಬೆನ್ನು ತಿರುಗಿಸಿದರು, ಸಣ್ಣಗೆ 0.50 ಎಂದು ಒತ್ತಿತ್ತು. ಇದೇ ಕಂಪನಿಯ, ಇದೇ ದಿನ ಹುಟ್ಟಿದ ಇನ್ನೊಂದು ಎಂಜಿನ್ನಿಗೆ ಆ ಬೇರಿಂಗ್ ಕೂರದೆ ಇರಬಹುದು. ಕ್ಲಚ್ ಪ್ಲೇಟಿನದು ಇನ್ನೂ ವಿಚಿತ್ರ. ಅದರ ಹೊರಸುತ್ತಳತೆ ಎಂಜಿನ್ನಿನ ಫ್ಲೈವೀಲಿಗೆ ಹೊಂದಬೇಕು, ನಡುವಿನ ಹಲ್ಲು ಗೇರ್‌ಬಾಕ್ಸಿನ ಶಾಫ್ಟಿಗೆ ಹೊಂದಬೇಕು. ಮ್ಯಾಟಡೋರ್ ಮುಂದಿನ ಚಕ್ರ ಎಳೆಯುವ ವ್ಯಾನು, ಅಂಬಾಸಿಡರ್ ಹಿಂದಿನ ಚಕ್ರ ನೂಕುವ ಕಾರು. ಹಾಗಾಗಿ ಎಂಜಿನ್ ಒಬ್ಬರದು, ಗೇರ್‌ಬಾಕ್ಸ್ ಮತ್ತೊಬ್ಬರದು. ಎರಡರ ನಡುವೆ ಲೇತಿನಲ್ಲಿ ತಿರುವಿದ ಒಂದು ಕಬ್ಬಿಣದ ಪ್ಲೇಟು. ಜಗತ್ತಿನ ಯಾವ ಕ್ಯಾಟಲಾಗಿನಲ್ಲೂ ಅದಕ್ಕೆ ನಂಬರಿಲ್ಲ, ಒರಿಜಿನಲ್ ಎಂದು ಯಾರೂ ಅದನ್ನು ಮಾರಿಲ್ಲ, ಅದರ ಡೂಪ್ಲಿಕೇಟೂ ಬಂದಿಲ್ಲ. ಆ ಗಾಡಿಯಲ್ಲಿ ಅಪ್ಪಟ ಒರಿಜಿನಲ್ ಅಂತ ಇದ್ದದ್ದು ಅದೊಂದೇ.

ಇಷ್ಟರಲ್ಲಿ ಗ್ಲೋವ್ ಬಾಕ್ಸಿನಿಂದ ಇಲಾಖೆಯವರು ಮರೆತುಬಿಟ್ಟ ಲಾಗ್ ಬುಕ್ ಹೊರಬಿತ್ತು. ಮೂಲ ಪತ್ತೆಗೆ ಇದಕ್ಕಿಂತ ದೊಡ್ಡ ದಾಖಲೆ ಬೇಕೆ! ದಿನಾಂಕ, ಪ್ರಯಾಣದ ಉದ್ದೇಶ, ಓಡಿದ ಕಿಲೋಮೀಟರ್, ತುಂಬಿಸಿದ ಇಂಧನ, ಸಹಿ. ಎಲ್ಲ ಅಚ್ಚುಕಟ್ಟು. ಹರಾಜಿನ ಹಿಂದಿನ ವಾರದವರೆಗೆ ಪ್ರತಿ ಪುಟದಲ್ಲೂ ಪೆಟ್ರೋಲ್. ಅಷ್ಟೇ ಅಲ್ಲ, ಕೊನೆಯ ವರ್ಷದ ರಿಪೇರಿ ಕಲಮಿನಲ್ಲಿ "ನಾಲ್ಕು ಸ್ಪಾರ್ಕ್ ಪ್ಲಗ್ ಬದಲಾಯಿಸಲಾಗಿದೆ" ಎಂಬ ನಮೂದು, ಮೇಲೆ ಹಸಿರು ಶಾಯಿಯ ಸಹಿ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಒಂದೋ ಹರಾಜಿನ ಹಿಂದಿನ ವಾರ ರಾತ್ರೋರಾತ್ರಿ ಯಾರೋ ಪೆಟ್ರೋಲ್ ಎಂಜಿನ್ ಇಳಿಸಿ ತುಕ್ಕು ಹಿಡಿದ ಬೋಲ್ಟುಗಳ ಸಮೇತ ಬೆಂಜನ್ನು ಏರಿಸಿದರು, ಇಲ್ಲವೇ ಇಲಾಖೆಯು ಡೀಸೆಲ್ ಗಾಡಿಯನ್ನು ವರ್ಷಗಟ್ಟಲೆ ಪೆಟ್ರೋಲಿನಲ್ಲಿ ಓಡಿಸಿತು. ಎರಡರಲ್ಲಿ ಯಾವುದು ನಿಜವಾದರೂ ಆಡಿಟ್‌ನವರಿಗೆ ಆಕ್ಷೇಪಣೆ ಇದ್ದಂತಿಲ್ಲ. ಲೆಕ್ಕ ಪೈಸೆಗೆ ಪೈಸೆ ತಾಳೆಯಾಗಿತ್ತು. ಇರುವ ಎಂಜಿನ್ನಿಗೆ ಒಂದು ಗ್ಯಾಸ್ಕೆಟ್ ಹುಡುಕಲು ನಾವು ಬೆಂಗಳೂರಿಗೆ ಅಲೆದೆವು. ಅವರು ಇಲ್ಲದ ಎಂಜಿನ್ನಿಗೆ ಕೂತಲ್ಲಿಂದಲೇ ನಾಲ್ಕು ಪ್ಲಗ್ ತರಿಸಿದ್ದರು.

ಇದೆಲ್ಲ ಗುಜರಿ ಗಾಡಿಗಳ ಪುರಾಣ, ಈಗಿನ ಕಂಪ್ಯೂಟರ್ ಕಾಲದ ಕಾರಿಗೆ ಈ ಗೋಳಿಲ್ಲ ಎನ್ನುವವರು ತಮ್ಮದೇ ಬಾನೆಟ್ ಎತ್ತಿ ನೋಡಬೇಕು. ಫಿಯಟ್ ವಿನ್ಯಾಸದ 1248 ಸಿಸಿ ಡೀಸೆಲ್ ಎಂಜಿನ್ ಒಂದಿತ್ತು. ಅದನ್ನು ಭಾರತದ ರಾಷ್ಟ್ರೀಯ ಎಂಜಿನ್ ಎಂದೇ ತಮಾಷೆ ಮಾಡುತ್ತಿದ್ದರು. ಫಿಯಟ್ ಪುಂಟೊದಲ್ಲಿ ಅದರ ಹೆಸರು ಮಲ್ಟಿಜೆಟ್, ಮಾರುತಿ ಸ್ವಿಫ್ಟ್‌ನಲ್ಲಿ ಡಿಡಿಐಎಸ್, ಟಾಟಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್. ಷೆವ್ರೊಲೆ ಸೇಲ್ ಕಾರಿಗೂ ಅದೇ ಹೋಯಿತು. ಬೋರು 69.6, ಸ್ಟ್ರೋಕು 82, ಎಲ್ಲ ಕಡೆಯೂ. ಷೆವ್ರೊಲೆ ಮಾರುತ್ತಿದ್ದ ಕಂಪನಿ 2017ರ ಕೊನೆಗೆ ಇಲ್ಲಿ ಅಂಗಡಿ ಮುಚ್ಚಿತು. ಈಗ ಸೇಲ್ ಇಟ್ಟುಕೊಂಡವರು ಅದೇ ಎಂಜಿನ್ ಹಾಕಿದ್ದ ಬೇರೊಂದು ಕಂಪನಿಯ ಕೌಂಟರಿಗೆ ಹೋಗಿ ಒಂದು ಟೈಮಿಂಗ್ ಚೈನ್ ಕೇಳಲಿ. 17 ಅಕ್ಷರಗಳ ಚಾಸಿ ನಂಬರ್ ಹೊಡೆಯದೆ ಕಂಪ್ಯೂಟರ್ ಬಾಯಿಬಿಡುವುದಿಲ್ಲ. ಹೊಡೆದರೆ "ಇದು ನಮ್ಮ ಗಾಡಿ ಅಲ್ಲ" ಎನ್ನುತ್ತದೆ. ಹೊರಗೆ ಬಂದು ಲೋಕಲ್ ಅಂಗಡಿಯಲ್ಲಿ ಕೇಳಿದರೆ ಮತ್ತೆ ಅದೇ ಅದ್ವೈತ: ಎಲ್ಲಾ ಒಂದೇ ಸಾರ್. ಒಂದೇ ಅಲ್ಲ. 75 ಕುದುರೆ ಶಕ್ತಿಯದಕ್ಕೆ ಒಂದು ಬಗೆಯ ಟರ್ಬೊ, 90ರದಕ್ಕೆ ಒಳಗಿನ ರೆಕ್ಕೆ ತಿರುಗುವ ಬೇರೆ ಟರ್ಬೊ. ಒಂದು ಕಡೆ ಒಂದೇ ಆಗಿದ್ದನ್ನು ಬೇರೆ ಅನ್ನುತ್ತಾರೆ, ಇನ್ನೊಂದು ಕಡೆ ಬೇರೆಯಾದದ್ದನ್ನು ಒಂದೇ ಅನ್ನುತ್ತಾರೆ. ಎರಡೂ ಕಡೆ ಬಿಲ್ ನಮಗೇ.

ಮಾವನ ಗಾಡಿಗೆ ನೋಂದಣಿ ನವೀಕರಣದ ಸಮಯ ಬಂತು. ಹಳೇ ಕಾರಿನ ಈ ನವೀಕರಣಕ್ಕೆ ಇದ್ದ 600 ರೂಪಾಯಿ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೂ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾರ್ಪಾಟು ಮಾಡುವಂತಿಲ್ಲ. ಎಂಜಿನ್ ಬದಲಿಸಿದರೆ 14 ದಿನದೊಳಗೆ ತಿಳಿಸಿ ತಿದ್ದಿಸಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ, ತಯಾರಕರು ಕೊಟ್ಟ ರೂಪ ಬದಲಿಸಬಾರದು ಎಂದು ಕೇರಳದ ಪ್ರಕರಣವೊಂದರಲ್ಲಿ ಖಡಕ್ಕಾಗಿ ಹೇಳಿತು. ಇದನ್ನೆಲ್ಲ ಓದಿಕೊಂಡು, ಆದದ್ದನ್ನು ಆದ ಹಾಗೆ ಬರೆದ ಅರ್ಜಿ ಹಿಡಿದುಕೊಂಡೇ ಆರ್‌ಟಿಒ ಕಚೇರಿಗೆ ಹೋಗಿದ್ದೆವು. ನಮಗಿಂತ ಮುಂಚೆ ಏಜೆಂಟ್ ಮಾತಾಡಿದ: "ಅರ್ಜಿ ಒಳಗಿಟ್ಕೊಳ್ಳಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ."

ಏನನ್ನೂ ಕೇಳಲಿಲ್ಲ. ಬ್ರೇಕ್ ಇನ್ಸ್‌ಪೆಕ್ಟರು ಬಂದರು. ಚಾಸಿ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿಸಿದರು. ಅಂಕಿಗಳು ಒಂದೊಂದಾಗಿ ಬೆಳ್ಳಗೆ ಮೂಡಿದವು, ಪುಸ್ತಕದ್ದಕ್ಕೆ ತಾಳೆಯಾದವು. ಎಂಜಿನ್ ಅವರ ಮೊಣಕೈ ಪಕ್ಕದಲ್ಲೇ ಡೀಸೆಲ್ಲಿನ ದನಿಯಲ್ಲಿ ಗುಡುಗುತ್ತಿತ್ತು. ಅವರು ಪೆಟ್ರೋಲ್ ಎಂಬ ಕಲಮಿಗೆ ಸರಿ ಗುರುತು ಹಾಕಿದರು. ಹೊಗೆ ತಪಾಸಣೆ ಚೀಟಿಯೂ ಪೆಟ್ರೋಲ್ ಎಂದೇ ಇತ್ತು. ಗಾಡಿಗೆ ಒಂದು ಸುತ್ತು ಬಂದು ಮುಂದೆ ನಿಂತರು. ಮಾವ ಸಂತೋಷ ತಡೆಯಲಾರದೆ ಬಾನೆಟ್ಟಿನ ತುದಿಗೆ ಅಂಟಿಸಿದ್ದ ಬೆಂಜ್ ನಕ್ಷತ್ರ ಕಣ್ಣಿಗೆ ಬಿತ್ತು.

"ಇದೇನ್ರೀ ಇದು? ಕಂಪನಿ ಗುರುತು ಬದಲಾಯಿಸಿದೀರ. ಆಲ್ಟರೇಷನ್ ಆಗುತ್ತೆ. ಮೊದಲು ತೆಗೀರಿ, ಇಲ್ದಿದ್ರೆ ಪಾಸ್ ಮಾಡಲ್ಲ."

ಆ ಗಾಡಿಯಲ್ಲಿ ಹೊರಗಿನವರಿಗೆ ಕಾಣುವ ಒಂದೇ ಒಂದು ನಿಜವನ್ನು ಮಾವ ಉಗುರಿನಿಂದ ಕೆರೆದು ತೆಗೆದರು. ಗಾಡಿ ಐದು ವರ್ಷಕ್ಕೆ ಪಾಸಾಯಿತು. ನಮ್ಮ ಅರ್ಜಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. "ದಾಖಲೆಗಳ ಪ್ರಕಾರ ಸದರಿ ವಾಹನವು ಪೆಟ್ರೋಲ್ ವಾಹನವಾಗಿದ್ದು, ಡೀಸೆಲ್ ಎಂಜಿನ್ ಇರುವ ಬಗ್ಗೆ ದಾಖಲೆ ಒದಗಿಸಿ" ಎಂದು ಹಿಂಬರಹ ಬಂದಿದೆ.

ಹಳೇ ಗಾಡಿ ಕೊಳ್ಳುವವರು ದಯವಿಟ್ಟು ಒಂದು ವರ್ನಿಯರ್, 12 ಮತ್ತು 13ರ ಸ್ಪ್ಯಾನರು, ಒಂದು ಅರ್ಧ ಇಂಚಿನದು ಜೊತೆಗೆ ಒಯ್ಯಿರಿ. ಬ್ಲಾಕಿನ ಮೇಲೆ ನಂಬರ್ ಇರಬೇಕಾದ ಜಾಗ ನುಣ್ಣಗೆ ಉಜ್ಜಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ; ಅದು ಬಿಡಿಭಾಗದ ಅಂಗಡಿಯ ಪ್ರಶ್ನೆಯಲ್ಲ, ಪೊಲೀಸ್ ಠಾಣೆಯದು. ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಬೇಡಿ, ಅಳತೆ ಹೇಳಿ. ಹಳೇ ಸಾಮಾನನ್ನು ಕೌಂಟರಿನ ಮೇಲೆ ಬಿಚ್ಚಿಟ್ಟೇ ಮಾತು ಶುರುಮಾಡಿ, ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಗ್ಲೋವ್ ಬಾಕ್ಸಿನಲ್ಲಿ ಲಾಗ್ ಬುಕ್ ಸಿಕ್ಕರೆ ಓದಿ ನಕ್ಕುಬಿಡಿ, ಅದನ್ನು ನಂಬಿ ಸ್ಪಾರ್ಕ್ ಪ್ಲಗ್ ಮಾತ್ರ ಕೊಳ್ಳಬೇಡಿ.